ನೆರೆ ನೀರಿನಲ್ಲಿ ಕೊಂಡ ವಠಾರ

ನಂಜನಗೂಡಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ಜನ ಮೊದಲು ಮಾಡುವ ಕೆಲಸ, ಮೈಸೂರು ರಸ್ತೆಯ ಕಡೆ ಯಾವುದಾದರೂ ಲೇಔಟಿನಲ್ಲಿ ಒಂದು ಸೈಟು ಹಿಡಿಯುವುದು. ಮೂಲೆಗೊಂದು ಕಲ್ಲು ನೆಟ್ಟು, ಭಾನುವಾರ ಬಂದರೆ ಹೆಂಡತಿ ಮಕ್ಕಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಅದನ್ನು ನೋಡಿಕೊಂಡು ಬರುವುದು. ಬ್ಲೌಸ್ ಹೊಲಿಯುವ ಮಲ್ಲಾಜಮ್ಮನಿಗೆ ಮಾತ್ರ ಸೈಟಿನ ಮೋಹ ಎಂದೂ ಹತ್ತಲಿಲ್ಲ.

"ಎಕ್ಕದ ಗಿಡ ಬೆಳ್ಕೊಂಡಿರೋ ಬಯಲು ನೋಡಕೆ ಪೆಟ್ರೋಲು ಸುಟ್ಕೊಂಡು ಓಗ್ಬೇಕಾ? ಅಲ್ಲಿ ಓದ್ರೆ ಊಟ ಆಯ್ತಾ ಅಂತ ಕೇಳೋರಾದ್ರೂ ಅವ್ರಾ?" ಅನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ವಠಾರ. ಒಂದೇ ಅಂಗಳದ ಸುತ್ತ ನಾಲ್ಕಾರು ಮನೆ, ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಬಾಗಿಲು ಬಾಗಿಲಿಗೂ ಜನ ಇರುವ ವಠಾರ. ಸೋಮನಾಥಪುರದ ರೈತರ ಮನೆಯಲ್ಲಿ ಹುಟ್ಟಿ, ಬಸ್ ಡಿಪೋದ ಮೆಕ್ಯಾನಿಕ್ ಚಿಕ್ಕಬಸಪ್ಪನ ಕೈಹಿಡಿದು ನಂಜನಗೂಡಿಗೆ ಬಂದವಳು ಅವಳು. ಅಂದಿನಿಂದ ಸಂಸಾರ ನಡೆಸಿದ್ದೆಲ್ಲ ಇನ್ನೊಬ್ಬರ ವಠಾರಗಳಲ್ಲಿ. ಮಗಳು ನಯನ ಹುಟ್ಟುವ ಹೊತ್ತಿಗೆ ಗಂಡ ಡ್ಯೂಟಿಯಲ್ಲಿದ್ದ. ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದವರು ಎದುರು ಮನೆಯವರು. ಮಗ ಮದನ್ ನಡೆಯಲು ಕಲಿತದ್ದು ಪಕ್ಕದ ಮನೆಯವರ ಕೈಬೆರಳು ಹಿಡಿದು. ಹೊಲಿಗೆ ಕಲಿಸಿದ್ದೂ ಒಬ್ಬ ನೆರೆಯಾಕೆಯೇ. ಆಕೆ ಮೈಸೂರಿಗೆ ಮನೆ ಬದಲಿಸುವಾಗ ತನ್ನ ಕಾಲು ಮೆಷಿನ್ನನ್ನು ಸಾಗಿಸಲಾರದೆ, "ನೀನೇ ಇಟ್ಕೋ ಮಲ್ಲಾಜಿ" ಎಂದು ಬಿಟ್ಟುಹೋದಳು. ಆ ಮೆಷಿನ್ನಿನಿಂದಲೇ ಅಂಗಡಿ ಶುರುವಾಯಿತು.

ಹೀಗಾಗಿ ವಠಾರವೆಂದರೆ ಅವಳಿಗೆ ಒಂದು ಬಗೆಯ ಹುಚ್ಚು. ಬೇರೆ ಹೆಂಗಸರು ಒಡವೆ ಅಂಗಡಿಯ ಗಾಜಿನ ಮುಂದೆ ನಿಲ್ಲುವ ಹಾಗೆ ಇವಳು ವಠಾರಗಳ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಳತೆ ಕೊಡಲು ಬಂದವರನ್ನು, "ನಿಮ್ಮದ್ರಲ್ಲಿ ನೀರು ಎಂಗೆ? ಗೋಡೆ ಶೀತವಾ? ಓನರ್ರು ಮಾರ್ತಾರಂತಾ?" ಎಂದು ಕೇಳುತ್ತಲೇ ತೋಳಿನ ಸುತ್ತಳತೆ ತೆಗೆಯುತ್ತಿದ್ದಳು. ಚಿಕ್ಕಬಸಪ್ಪ ನಗುತ್ತಿದ್ದ. "ನಮಗೇ ಒಂದು ಮನೆಗೆ ಗತಿಯಿಲ್ಲ, ಇವಳಿಗೆ ಆರು ಮನೆ ಬೇಕಂತೆ."

"ಒಂದು ಮನೆ ಆದ್ರೆ ಸಾಲ ತಿಂದಾಕ್ತದೆ ರೀ. ಆರು ಮನೆ ಆದ್ರೆ ಸಾಲಾನ ಅದೇ ತಿಂದಾಕ್ತದೆ," ಎಂದು ಇವಳ ಉತ್ತರ. ಅವನಿಗೆ ಅದು ತಮಾಷೆ. ಅವಳಿಗೆ ಅಲ್ಲ.

ಅವಳ ಕಣ್ಣು ಬಿದ್ದಿದ್ದು ಕಲ್ಲುಬಾವಿ ಬೀದಿಯ ವಠಾರದ ಮೇಲೆ. ಬೀದಿ ಕಪಿಲೆಯ ಕಡೆಗೆ ಇಳಿಜಾರು. ಆ ಇಳಿಜಾರಿನ ನಡುವೆ, ಎತ್ತರದ ಕಲ್ಲಿನ ತಳಪಾಯದ ಮೇಲೆ, ಆಚೆ ಮೂರು ಈಚೆ ಮೂರು, ಹೆಂಚಿನ ಮನೆಗಳು. ನಡುವೆ ಉದ್ದನೆಯ ಅಂಗಳ, ಅಂಗಳದಲ್ಲೊಂದು ನುಗ್ಗೆ ಮರ. ಬಾಡಿಗೆಗಿದ್ದವರು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರು, ಒಬ್ಬ ಹೂವಿನ ವ್ಯಾಪಾರಿ, ಮತ್ತು ಮುಂದಿನ ಮನೆಯ ಮಂಚಮ್ಮ. ಮಂಚಮ್ಮ ವಿಧವೆ, ಸೊಪ್ಪು ಮಾರುವವಳು, ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಲ್ಲಿದ್ದಳು. ಅವಳ ಬಾಯಿಗೆ ಬೀದಿಯೇ ಹೆದರುತ್ತಿತ್ತು.

ಒಡೆಯರು ತಿ. ನರಸೀಪುರದವರು. ತಂದೆ ತೀರಿಕೊಂಡ ಮೇಲೆ ಮಗ ಬಸವಪ್ರಸಾದ್ ಅಲ್ಲೇ ಗೊಬ್ಬರದ ಅಂಗಡಿ ನಡೆಸುತ್ತಿದ್ದ. ನಂಜನಗೂಡಿಗೆ ಬಾಡಿಗೆ ವಸೂಲಿಗೆ ಬರುವುದೇ ಅವನಿಗೆ ತಲೆನೋವು. ವಠಾರ ಮಾರಾಟಕ್ಕಿದೆಯೆಂದು ಬ್ರೋಕರ್ ದೊಡ್ಡಸಿದ್ದಯ್ಯ ಊರೆಲ್ಲ ಸಾರಿದ್ದ. ಆದರೆ ನೋಡಿದವರೆಲ್ಲ ಮೂಗು ಮುರಿದರು. ಕೆಲವರಿಗೆ ಹೊಳೆಯ ಭಯ. ಕೆಲವರಿಗೆ ಜನರ ಭಯ: ಹೆಂಚು ಕೆಡವಿ ಕಾಂಪ್ಲೆಕ್ಸ್ ಎತ್ತಬೇಕೆಂದಿದ್ದವರಿಗೆ ಖಾಲಿ ಜಾಗ ಬೇಕು, ಆರು ಸಂಸಾರ, ಅದರಲ್ಲೂ ಮಂಚಮ್ಮ, ಒಳಗೆ ಕೂತಿದ್ದರೆ ಯಾರು ಕೈ ಹಾಕುತ್ತಾರೆ? ಎರಡು ವರ್ಷದಲ್ಲಿ ಬೆಲೆ ಮೆಟ್ಟಿಲಿಳಿದಂತೆ ಇಳಿಯಿತು. ಆ ಬೀದಿಯಲ್ಲಿ ಅಂಥ ಜಾಗಕ್ಕೆ ನಲವತ್ತೈದು ಲಕ್ಷ ನಡೆಯುತ್ತಿದ್ದಾಗ ಇವರು ಮೂವತ್ತೆಂಟು ಅಂದರೂ ಕೇಳುವವರಿರಲಿಲ್ಲ.

ಬೇರೆಯವರಿಗೆ ಯಾವುದು ಬೇಡವೋ ಅದೇ ಮಲ್ಲಾಜಮ್ಮನಿಗೆ ಬೇಕಾಗಿತ್ತು. ಜನ ಒಳಗಿದ್ದರೆ ಒಳ್ಳೆಯದೇ. ಅವರ ಬಾಡಿಗೆಯಿಂದಲೇ ಕಂತು ಕಟ್ಟಬೇಕಲ್ಲ. ಉಳಿದದ್ದು ಹೊಳೆ. ಅದೊಂದೇ ಅವಳ ನಿದ್ದೆ ಕೆಡಿಸುತ್ತಿತ್ತು. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಮೊಣಕಾಲು ಅಂದರೆ ಇನ್ನೊಬ್ಬ ಹೆಂಚು ಮುಟ್ಟುತ್ತದೆ ಅಂದ. ದೊಡ್ಡಸಿದ್ದಯ್ಯನಂತೂ ಕೊಳ್ಳುವವರ ಮುಂದೆ ನೀರೇ ಬರುವುದಿಲ್ಲ ಎನ್ನುತ್ತಿದ್ದ, ಟೀ ಅಂಗಡಿಯಲ್ಲಿ ಬೇರೆ ಮಾತಾಡುತ್ತಿದ್ದ.

ಹಾಗಿರುವಾಗ ಆ ಶ್ರಾವಣದಲ್ಲಿ ವಯನಾಡಿನ ಮೇಲೆ ಮಳೆ ಹಿಡಿಯಿತು. ಕಪಿಲೆಯ ಮೇಲ್ಗಡೆಯ ಕಬಿನಿ ಅಣೆಕಟ್ಟೆಯ ಬಾಗಿಲುಗಳನ್ನು ತೆರೆದರು. ಮೈಕಿನ ಆಟೋ ಬೀದಿ ಬೀದಿ ತಿರುಗಿ ಹೊಳೆ ದಂಡೆಯವರು ಮೇಲಕ್ಕೆ ಬನ್ನಿ ಎಂದು ಕೂಗಿತು. ಬೆಳಿಗ್ಗೆ ಸ್ನಾನಘಟ್ಟ ಮುಳುಗಿತು. ಹೊಳೆ ದಡದ ಹದಿನಾರು ಕಾಲು ಮಂಟಪಕ್ಕೆ ನೀರು ಹತ್ತಿತಂತೆ ಎಂದು ಬ್ಲೌಸ್ ತೆಗೆದುಕೊಳ್ಳಲು ಬಂದ ಹೆಂಗಸು ಹೇಳಿದ್ದೇ ತಡ, ಮಲ್ಲಾಜಮ್ಮ ಕತ್ತರಿ ಕೆಳಗಿಟ್ಟಳು, ಅಂಗಡಿಯ ಷಟರ್ ಎಳೆದಳು.

"ಅಯ್ಯೋ, ನನ್ ಬ್ಲೌಸು!"

"ನಾಳೆ ಕೊಡ್ತೀನಿ ತಾಯಿ, ಹೊಳೆ ನಾಳೆ ಇರಕಿಲ್ಲ!"

ಇಡೀ ಕಲ್ಲುಬಾವಿ ಬೀದಿ ಮೇಲಕ್ಕೆ ಬರುತ್ತಿತ್ತು. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವವರು, ಟಿವಿಯನ್ನು ಮಗುವಿನಂತೆ ಅಪ್ಪಿಕೊಂಡು ಬರುವವರು, ಆಡು ಎಳೆಯುವವರು. ಇವಳೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ದಿಕ್ಕಿಗೆ ಇಳಿಯುತ್ತಿದ್ದಳು. ಒಬ್ಬ ಪೊಲೀಸಿನವನು ತಡೆದ. "ಎಲ್ಲಿಗಮ್ಮ? ಒಳಗೆ ಯಾರಾದ್ರೂ ಅವ್ರಾ?"

"ಅವ್ರೆ ಸಾ, ಮಂಚಮ್ಮ ಅಂತ. ಕರ್ಕೊಂಡು ಬತ್ತೀನಿ," ಎಂದು ನುಗ್ಗಿಯೇಬಿಟ್ಟಳು. ಮಂಚಮ್ಮ ಒಳಗಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ನಿಜವಾಯಿತು.

ವಠಾರದ ಮಿಕ್ಕ ಮನೆಗಳಿಗೆ ಬೀಗ ಬಿದ್ದಿತ್ತು. ಮುಂದಿನ ಜಗುಲಿಯ ಮೇಲೆ ಮಂಚಮ್ಮ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಯಾರವ್ವ ನೀನು? ನೀರು ಬತ್ತಾ ಅದೆ ಅಂತ ಯೋಳಕೆ ಬಂದ್ಯಾ? ನಂಗೇನ್ ಕಣ್ ಕಾಣಾಕಿಲ್ವಾ?"

"ಯೋಳಕಲ್ಲ ಅವ್ವ. ನೋಡಕೆ ಬಂದೆ."

"ಏನ?"

"ಎಲ್ಲಿಗಂಟ ಬತ್ತದೆ ಅಂತ."

ಮಂಚಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸರಿದು ಜಗುಲಿಯಲ್ಲಿ ಜಾಗ ಮಾಡಿದಳು. ಒಂದು ಹಿಡಿ ಸೊಪ್ಪು ಇವಳ ಮುಂದೆ ತಳ್ಳಿ, "ಕೂತಿರ್ತೀಯಲ್ಲ, ಬುಡ್ಸು" ಅಂದಳು.

ಹೀಗೆ ಇಬ್ಬರೂ ಸೊಪ್ಪು ಬಿಡಿಸುತ್ತ ಹೊಳೆಯನ್ನು ನೋಡತೊಡಗಿದರು. ನೀರು ಬೀದಿಯೊಳಗೆ ಮೆಲ್ಲಗೆ, ಸದ್ದಿಲ್ಲದೆ ಬಂತು. ಕೆಂಪು ನೀರು, ಅದರ ಮೇಲೆ ಕಡ್ಡಿ, ಬಾಟಲಿ, ಒಂದು ಚಪ್ಪಲಿ. ಕೆಳಗಿನ ತಿರುವಿನ ಕರೆಂಟು ಕಂಬದ ಬುಡ ಮುಚ್ಚಿತು. ಅಲ್ಲಿಂದ ಹಾಲಿನ ಬೂತು. ಅಲ್ಲಿಂದ ವಠಾರದ ಕೆಳಮೆಟ್ಟಿಲು. ಮಲ್ಲಾಜಮ್ಮನ ಎದೆ ಹೊಲಿಗೆ ಮೆಷಿನ್ನಿನಂತೆ ಬಡಿದುಕೊಳ್ಳುತ್ತಿತ್ತು. ಒಂದೊಂದು ಮೆಟ್ಟಿಲು ಮರೆಯಾದಾಗಲೂ ಅವಳ ಕೈಯಿಂದ ಒಂದೊಂದು ಮನೆ ಜಾರಿಹೋದ ಹಾಗೆ. "ಬ್ಯಾಡ ಕಣಪ್ಪ, ಸಾಕು ಕಣಪ್ಪ, ನಿಂತ್ಕೋ" ಎಂದು ನೀರಿಗೇ ಹೇಳತೊಡಗಿದಳು.

"ನಿಂತ್ಕತದೆ ಬುಡು," ಎಂದಳು ಮಂಚಮ್ಮ. "ನಾ ಬಂದಾಗಿಂದ ಮ್ಯಾಲಿನ ಮೆಟ್ಲು ನೆಂದಿಲ್ಲ. ಸುಮ್ನೆ ಎದರ್ಕಂಡು ಓಡ್ತವೆ ಇವು."

ಮಧ್ಯಾಹ್ನ ಕಳೆಯಿತು. ಮೇಲಿನ ಮೆಟ್ಟಿಲು ಒಣಗಿಯೇ ಇತ್ತು. ನೀರು ಅದರ ಕೆಳಗೆ ಬಂದು, ಬಾಗಿಲು ಬಡಿಯಲು ಅನುಮಾನಿಸುವ ನೆಂಟನ ಹಾಗೆ, ಅಲ್ಲೇ ಅಲುಗಾಡುತ್ತ ನಿಂತಿತು. ಇನ್ನೇನು ಮಲ್ಲಾಜಮ್ಮ ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಹಿಂದಿನಿಂದ ಗುಳುಗುಳು ಸದ್ದು. ಓಡಿಹೋಗಿ ನೋಡಿದರೆ ಕೊನೆಯ ಎರಡು ಮನೆಗಳ ಹಿತ್ತಲಿನ ಬಚ್ಚಲುಗಳಿಂದ ನೀರು ಉಕ್ಕುತ್ತಿತ್ತು. ಎರಡಕ್ಕೂ ಸೇರಿದ ಒಂದೇ ಚರಂಡಿಯ ಪೈಪು ನೇರ ಕೆಳಗಿನ ಮೋರಿಗೆ ಸೇರುತ್ತಿತ್ತು. ಹೊಳೆ ಮುಂಬಾಗಿಲು ಬಿಟ್ಟು ಆ ಪೈಪಿನಲ್ಲಿ ಕಳ್ಳನಂತೆ ಒಳಗೆ ನುಗ್ಗಿತ್ತು. ಮಂಚಮ್ಮ ಹಳೆಯ ಗೋಣಿಚೀಲ ತಂದಳು, ಮಲ್ಲಾಜಮ್ಮ ಅದನ್ನು ಸುತ್ತಿ ಪೈಪಿನ ಬಾಯಿಗೆ ತುರುಕಿ, ಮೇಲೆ ರುಬ್ಬುವ ಕಲ್ಲು ಎಳೆದಿಟ್ಟಳು. ಉಕ್ಕುವುದು ನಿಂತಿತು. ಮೈಯೆಲ್ಲ ಕೆಸರಾಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಅಷ್ಟೇನಾ!" ಎಂದು ಮಲ್ಲಾಜಮ್ಮ ಕೂಗಿದಳು. "ಒಂದು ಪೈಪಿನ ಬಾಯಿಗೆ ಇಷ್ಟು ವರ್ಷ ಊರೇ ಎದರ್ಕೊಂಡಿತ್ತಾ?"

ಸಂಜೆ ನೀರು ಇಳಿಯತೊಡಗಿದ ಮೇಲೆ ಮನೆಗೆ ಹೋಗಿ ಚಿಕ್ಕಬಸಪ್ಪನಿಗೆ ಹೇಳಿದಾಗ ಅವನು ಊಟದ ತಟ್ಟೆ ಸರಿಸಿದ. "ಊರಿಗೂರೇ ಹೊಳೆ ಬುಟ್ಟು ಓಡ್ತಿರುವಾಗ ನೀನು ಒಳಗೆ ಓಗಿ ಕೂತಿದ್ಯಾ? ಹೊಳೆಗೆ ದುಡ್ಡು ಎಸೀತೀನಿ ಅಂತೀಯಲ್ಲೇ?"

"ಎಸಿಯಕಿಲ್ಲ ರೀ. ನಾಳೆ ನೀವೇ ಬನ್ನಿ, ಮೇಲಿನ ಮೆಟ್ಲು ಮುಟ್ಟಿ ನೋಡಿ. ತೇವ ಇದ್ರೆ ನಾ ಮತ್ತೆ ವಠಾರ ಅನ್ನೋ ಮಾತೇ ಎತ್ತಕಿಲ್ಲ."

ಅವನು ಬಂದ. ಮುಟ್ಟಿ ನೋಡಿದ. ಮೆಕ್ಯಾನಿಕ್ಕಾದ್ದರಿಂದ ಮೆಟ್ಟಿಲು ಬಿಟ್ಟು ಸೀದಾ ಹಿಂದಿನ ಪೈಪಿನ ಹತ್ತಿರ ಹೋಗಿ ಬಗ್ಗಿದ. ಎದ್ದಾಗ ಅವನ ಮುಖದಲ್ಲಿ, ಕೆಟ್ಟು ನಿಂತ ಎಂಜಿನ್ನಿನ ದೋಷ ಸಿಕ್ಕಾಗ ಬರುವ ಕಳೆ ಇತ್ತು. "ಇಲ್ಲಿಗೊಂದು ಮುಚ್ಚಳ ಕೂರಿಸ್ಬೇಕು. ಒಳಗಿನ ನೀರು ಆಚೆ ಓಗ್ಬೇಕು, ಆಚೆದು ಒಳಕ್ಕೆ ಬರಬಾರದು," ಎಂದ. ಆಮೇಲೆ ಕೈಯ ಕೆಸರು ಒರೆಸಿಕೊಳ್ಳುತ್ತ, "ಸೊಸೈಟಿಲಿ ಸಾಲ ಎಷ್ಟು ಕೊಡ್ತಾರೆ ಕೇಳ್ತೀನಿ," ಅಂದ. ಮಲ್ಲಾಜಮ್ಮ ಬೀದಿಯಲ್ಲೇ ಅವನ ತೋಳು ಹಿಡಿದುಕೊಂಡಳು.

ಅದೇ ವಾರ ದೊಡ್ಡಸಿದ್ದಯ್ಯ ಅಂಗಡಿಗೆ ಓಡಿಬಂದ. ನೆರೆಯ ಸುದ್ದಿ ಟಿವಿಯಲ್ಲಿ ನೋಡಿದ ಬಸವಪ್ರಸಾದ್ ಹೆದರಿ, ಬಂದಷ್ಟಕ್ಕೆ ಕೊಟ್ಟುಬಿಡು ಎಂದು ಫೋನ್ ಮಾಡಿದ್ದನಂತೆ. "ಇದೇ ಟೈಮು ಕಣಕ್ಕ! ನಾಳೆನೇ ನರಸೀಪುರಕ್ಕೆ ಓಗವ. ಆದ್ರೆ ಒಂದು ಮಾತು. ನೀರು ಒಳಗೆ ಬರಲಿಲ್ಲ ಅಂತ ಮಾತ್ರ ಬಾಯಿ ಬುಡಬ್ಯಾಡ. ಮುಳುಗೋಯ್ತು ಅಂತ ಅವನು ಅಂದ್ಕೊಂಡವ್ನೆ. ಅಂದ್ಕೊಳ್ಲಿ."

ಮಲ್ಲಾಜಮ್ಮ ಆಯ್ತು ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಬಿಗಿಹಿಡಿದು ಕೂತಿದ್ದಳು. ಗೊಬ್ಬರದ ಅಂಗಡಿಯ ಮುಂದೆ ಚೀಲಗಳ ಮೇಲೆ ಕೂರಿಸಿ ಬಸವಪ್ರಸಾದ್ ಕಾಫಿ ತರಿಸಿದ. ಐವತ್ತರ ಆಸುಪಾಸಿನ, ದಣಿದ ಮುಖದ ಮನುಷ್ಯ. "ನಮ್ಮಪ್ಪ ಕಟ್ಟಿಸಿದ್ದು ಅಮ್ಮಾ. ನೀರು ನುಗ್ಗಿರೋದ ನೋಡಕೂ ನಂಗೆ ಮನಸ್ಸು ಬರ್ಲಿಲ್ಲ. ಎಷ್ಟು ಬಂದಿತ್ತು? ಹೆಂಚಿನ ಮಟ್ಟಕ್ಕಾ?"

ದೊಡ್ಡಸಿದ್ದಯ್ಯ ಕೆಮ್ಮಿದ. ಮಲ್ಲಾಜಮ್ಮ ಲೋಟ ನೋಡಿದಳು. ಒಂದು ಗುಟುಕು ಕುಡಿದಳು. ಅಷ್ಟೇ, ಅದಕ್ಕಿಂತ ಹೆಚ್ಚು ತಡೆಯಲು ಅವಳಿಂದ ಆಗಲಿಲ್ಲ.

"ಬರಲೇ ಇಲ್ಲ ಸಾ! ಮೇಲಿನ ಮೆಟ್ಲು ನೆನೀಲೇ ಇಲ್ಲ! ನಾನೇ ಕೂತಿದ್ದೆ, ಮಂಚಮ್ಮನೂ ನಾನೂ. ನಿಮ್ಮ ತಂದೆಯವ್ರು ಎಂಥಾ ಎತ್ತರಕ್ಕೆ ಕಟ್ಸವ್ರೆ ಅಂತೀರಿ! ಹಿಂದಿನ ಪೈಪಲ್ಲಿ ಒಂಚೂರು ಬಂತು, ಅದು ನಾವು ಗೋಣಿ ತುರುಕಿ ನಿಲ್ಲಿಸ್ಬುಟ್ವಿ!"

ದೊಡ್ಡಸಿದ್ದಯ್ಯ ತಲೆ ಮೇಲೆ ಕೈಹೊತ್ತು, "ಓಯ್ತು, ಎಲ್ಲ ಓಯ್ತು" ಎಂದು ಗೊಣಗಿದ.

ಬಸವಪ್ರಸಾದ್ ಮೊದಲು ಕಣ್ಣು ಕಣ್ಣು ಬಿಟ್ಟ. ಆಮೇಲೆ ಎರಡು ವರ್ಷದಿಂದ ನಕ್ಕೇ ಇರಲಿಲ್ಲವೇನೋ ಅನ್ನುವ ಹಾಗೆ ನಕ್ಕ. "ಅಲ್ಲಮ್ಮ, ಕೊಳ್ಳೋಕೆ ಬಂದವರು ಮಾಲು ಚೆನ್ನಾಗಿದೆ ಅಂತ ಮಾರೋನಿಗೇ ಹೇಳ್ತಾರಾ? ಹಂಗಿದ್ರೆ ನಾನ್ಯಾಕೆ ಕಡಿಮೆಗೆ ಕೊಡ್ಲಿ?"

ಮಲ್ಲಾಜಮ್ಮನಿಗೆ ತಾನು ಮಾಡಿದ್ದು ಆಗ ಅರಿವಾಯಿತು. ಆದರೆ ಅವನೇ ಮುಂದುವರಿದು ಕೇಳಿದ: "ಕೊಂಡು ಏನ್ಮಾಡ್ತೀರಿ? ಕೆಡವ್ತೀರಾ?"

"ಯಾಕೆ ಕೆಡವ್ಲಿ ಸಾ? ಗೋಡೆ ಗಟ್ಟಿ ಅವೆ. ಹೆಂಚು ತಿರುಗಿಸಿ ಹಾಕಿಸ್ತೀನಿ, ಸುಣ್ಣ ಹೊಡಿಸ್ತೀನಿ."

"ಬಾಡಿಗೆಯವ್ರು?"

"ಅವ್ರು ಇರೋದಕ್ಕೆ ತಾನೆ ನಾ ಕೊಳ್ತಿರೋದು!"

ಬಸವಪ್ರಸಾದ್ ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ನಂತರ ಹೇಳಿದ ಮಾತು ದೊಡ್ಡಸಿದ್ದಯ್ಯನಿಗೂ ಗೊತ್ತಿರಲಿಲ್ಲ. ಖಾಲಿ ಮಾಡಿಸಿಕೊಟ್ಟರೆ ಪೂರಾ ಬೆಲೆ ಕೊಡುತ್ತೇನೆಂದು ಮೈಸೂರಿನ ಒಬ್ಬ ಬಿಲ್ಡರ್ ಕೇಳಿದ್ದನಂತೆ. ಆದರೆ ಮಂಚಮ್ಮನ ಗಂಡ ಬಸವಪ್ರಸಾದನ ತಂದೆಯ ಹತ್ತಿರ ಕಲ್ಲು ಹೊತ್ತು ಆ ಮನೆಗಳನ್ನು ಕಟ್ಟಿದವನು. ಅವನು ಸತ್ತಾಗ ತಂದೆ, "ನೀನಿರೋ ತನಕ ನಿನ್ನ ಎಬ್ಬಿಸಲ್ಲ" ಎಂದು ಮಂಚಮ್ಮನಿಗೆ ಮಾತು ಕೊಟ್ಟಿದ್ದರು. "ಅಪ್ಪನ ಮಾತು ಮುರಿಯೋಕೆ ನಂಗಾಗಲ್ಲ. ಮುರಿಯದೆ ಇದ್ರೆ ಬೆಲೆ ಬರಲ್ಲ. ನೀವು ಆಕೆನ ಎಬ್ಬಿಸಲ್ಲ ಅಂದ್ರೆ ಮೂವತ್ತೆರಡಕ್ಕೆ ತಗೊಳ್ಳಿ. ಉಳಿದದ್ದು ಅಪ್ಪನ ಲೆಕ್ಕಕ್ಕೆ."

ಮಲ್ಲಾಜಮ್ಮ ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದಳು. ಆ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ ತನ್ನ ಊರು ಬರುವಷ್ಟರಲ್ಲಿ ವಠಾರದ ಕತೆಯೆಲ್ಲ ಹೇಳಿ ಮುಗಿಸಿದಳು.

ಹಣ ಹೊಂದಿಸಿದ್ದು ಒಂದು ದೊಡ್ಡ ಓಡಾಟ. ಗಂಡನ ಸೊಸೈಟಿ ಸಾಲ, ಬ್ಯಾಂಕಿನ ಸಾಲ, ಚೀಟಿ, ಬಳೆ, ಸೋಮನಾಥಪುರದ ಜಮೀನಿನಲ್ಲಿ ಅಣ್ಣ ಕೊಟ್ಟ ಅವಳ ಪಾಲು. ಅದು ಹೇಗೋ ಆಯಿತು. ಆಗಬಾರದ್ದು ಆದದ್ದು ರಿಜಿಸ್ಟ್ರೇಷನ್ ದಿನ. ಈಗ ಜಿಲ್ಲೆಯ ಯಾವ ಕಚೇರಿಯಲ್ಲಾದರೂ ರಿಜಿಸ್ಟರ್ ಮಾಡಿಸಬಹುದಾದ್ದರಿಂದ ನರಸೀಪುರದಲ್ಲೇ ಇಟ್ಟುಕೊಂಡಿದ್ದರು. ಮಲ್ಲಾಜಮ್ಮ ಮದುವೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಗಂಡನ ಜೊತೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದಳು. ಬಸವಪ್ರಸಾದ್ ಬಂದ. ಅವನ ತಂಗಿ ಹೇಮಲತಾ ಬರಲಿಲ್ಲ. ತಂದೆಯ ಆಸ್ತಿಯಾದ್ದರಿಂದ ಅವಳೂ ಸಹಿ ಹಾಕಲೇಬೇಕು. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಎತ್ತಿ, "ನಾ ಬರಲ್ಲ" ಎಂದಿಷ್ಟೇ ಹೇಳಿ ಇಟ್ಟಳು.

"ಹೆಮ್ಮಿಗೆಗೆ ಕೊಟ್ಟಿದ್ದೀವಿ ಅವಳನ್ನ. ಮೊದಲಿಂದ ಹಠಮಾರಿ. ಬುಡಿ, ಇನ್ನೊಂದಿನ ನೋಡೋಣ," ಎಂದ ಬಸವಪ್ರಸಾದ್, ಬೆವರು ಒರೆಸಿಕೊಳ್ಳುತ್ತ.

"ಇನ್ನೊಂದಿನ ಯಾಕೆ ಸಾ? ಹೆಮ್ಮಿಗೆ ಏನು ಕಾಶಿನಾ? ನಿಮ್ಮ ಕಾರು ತೆಗೀರಿ," ಎಂದು ಮಲ್ಲಾಜಮ್ಮ ಎದ್ದೇಬಿಟ್ಟಳು. ಚಿಕ್ಕಬಸಪ್ಪನನ್ನು ಸರತಿ ಕಾಯಲು ಕೂರಿಸಿ, ಕಾಗದಪತ್ರ ಅವನ ಮಡಿಲಿಗೆ ಹಾಕಿ ಹೊರಟಳು.

ಕಾರಿನಲ್ಲಿ ಅವಳು ಕೇಳಿದಳು: "ನೀವೇ ಓಗಿ ಕರೆದಿದ್ರಾ ಸಾ?"

"ಫೋನ್ ಮಾಡಿಸಿದ್ದೆ. ದೊಡ್ಡಸಿದ್ದಯ್ಯನ ಕೈಲಿ."

ಮಲ್ಲಾಜಮ್ಮ ಕಿಟಕಿಯ ಕಡೆ ತಿರುಗಿದಳು. ಕಾರಣ ಅವಳಿಗೆ ಅರ್ಥವಾಗಿತ್ತು.

ಹೇಮಲತಾ ಮನೆಯಲ್ಲಿರಲಿಲ್ಲ. ಗದ್ದೆಯಲ್ಲಿ ನಾಟಿ ನಡೆದಿತ್ತು; ಆಳುಗಳ ಸಾಲಿನ ನಡುವೆ ಸೀರೆ ಎತ್ತಿಕಟ್ಟಿ ಬಗ್ಗಿದ್ದಳು. ಬದುವಿನ ಮೇಲೆ ಬಿಳಿ ಷರ್ಟಿನ ಅಣ್ಣನನ್ನು ಕಂಡರೂ ಪೈರು ನೆಡುವುದನ್ನು ನಿಲ್ಲಿಸಲಿಲ್ಲ.

"ಹೇಮಾ, ಕಚೇರಿಲಿ ಕಾಯ್ತವ್ರೆ. ಬಾರಮ್ಮ."

"ನನ್ನ ಸಹಿ ಬೇಕು ನಿಂಗೆ. ನಾನು ಬೇಡ," ಎಂದಳು ಬಗ್ಗಿದ್ದ ಹಾಗೇ. "ಅಪ್ಪ ಹೋದ ಮೇಲೆ ಒಂದು ಹಬ್ಬಕ್ಕೆ ಕರೆದ್ಯಾ? ಇವತ್ತು ಯಾವನೋ ಬ್ರೋಕರ್ರು ಫೋನ್ ಮಾಡಿ, ಬನ್ನಿ ಮೇಡಂ ಸಹಿ ಹಾಕಿ ಅಂತಾನೆ. ನಂಗೆ ನಾಟಿ ಅದೆ. ಓಗು."

ಬಸವಪ್ರಸಾದ್ ಬದುವಿನ ಮೇಲಿಂದಲೇ ಮತ್ತೆ ಕರೆದ. ಮಲ್ಲಾಜಮ್ಮ ಅವನ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು: "ಇಳೀರಿ ಸಾ. ಬದು ಮೇಲೆ ನಿಂತು ಕರೆದ್ರೆ ಯಾರು ಬತ್ತಾರೆ?"

ಅವನು ಚಪ್ಪಲಿ ಬಿಟ್ಟ, ಪ್ಯಾಂಟು ಮಡಿಚಿದ, ಒಂದು ಕಾಲು ಇಳಿಸಿದ. ಇನ್ನೊಂದು ಕಾಲು ಇಳಿಸುವಷ್ಟರಲ್ಲಿ ಜಾರಿ, ಬಿಳಿ ಷರ್ಟಿನ ಸಮೇತ ಗದ್ದೆಯೊಳಗೆ ಕೂತುಬಿಟ್ಟ. ಆಳುಗಳು ಉಸಿರು ಬಿಗಿಹಿಡಿದರು. ಹೇಮಲತಾ ತಲೆ ಎತ್ತಿದಳು. ತುಟಿ ಕಚ್ಚಿ ತಡೆದುಕೊಂಡಳು, ಆಗಲಿಲ್ಲ. ಪೈರಿನ ಕಟ್ಟು ಕೈಯಿಂದ ಬಿದ್ದುಹೋಗುವಂತೆ ನಕ್ಕಳು. ನಗುತ್ತಲೇ ಬಂದು ಕೈ ಕೊಟ್ಟಳು. ಅವನು ಎದ್ದು ಅವಳ ಕೈ ಬಿಡದೆ, "ನಂದು ತಪ್ಪಾಯ್ತು ಕಣಮ್ಮ," ಅಂದ. ಅವಳ ನಗು ಅಲ್ಲಿಗೇ ನಿಂತು ಕಣ್ಣು ತುಂಬಿತು.

ಯಾರಿಗೂ ಸ್ನಾನ ಮಾಡಿ ಸೀರೆ ಬದಲಿಸುವಷ್ಟು ವ್ಯವಧಾನವಿರಲಿಲ್ಲ. ತೂಬಿನ ನೀರಿನಲ್ಲಿ ಕೈಕಾಲು ತೊಳೆದು ಕಾರು ಹತ್ತಿದರು. ಕಚೇರಿಯಲ್ಲಿ ಇವರ ಸರತಿ ಕೂಗಿಯಾಗಿತ್ತು. ಚಿಕ್ಕಬಸಪ್ಪ ಬಾಗಿಲಿಗೆ ಅಡ್ಡ ನಿಂತು, "ಬಂದ್ರು ಸಾ, ಬಂದೇಬಿಟ್ರು ಸಾ" ಎಂದು ಗುಮಾಸ್ತನನ್ನು ಹಿಡಿದಿಟ್ಟಿದ್ದ. ಕ್ಯಾಮೆರಾದ ಮುಂದೆ ಕೆಸರು ಮೆತ್ತಿದ ಅಣ್ಣ, ಎತ್ತಿಕಟ್ಟಿದ ಸೀರೆಯ ತಂಗಿ. ಹೇಮಲತಾಳ ಬೆರಳಿನ ಗುರುತನ್ನು ಯಂತ್ರ ಮೊದಲು ಒಪ್ಪಲಿಲ್ಲ. ಮಲ್ಲಾಜಮ್ಮ ತನ್ನ ಮದುವೆಯ ಸೀರೆಯ ಸೆರಗಿನಿಂದ ಆ ಬೆರಳನ್ನು ತಿಕ್ಕಿ ಒರೆಸಿದಳು. ಯಂತ್ರ ಹಸಿರು ದೀಪ ತೋರಿಸಿತು. ಹೊರಗೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಎಲ್ಲರಿಗೂ ಬಾದಾಮಿ ಹಾಲು ಕುಡಿಸಿದಳು, ಗುಮಾಸ್ತನಿಗೂ.

ವಠಾರಕ್ಕೆ ಮೈಸೂರುಪಾಕು ಹಿಡಿದು ಹೋದ ಹೊಸ ಒಡತಿಯನ್ನು ಮಂಚಮ್ಮ ಎದುರುಗೊಂಡದ್ದು ಹೀಗೆ: "ಅಂಗಾರೆ ಅವತ್ತು ನನ್ ಸೊಪ್ಪು ಬುಡ್ಸಿದ್ದು ಇದಕ್ಕಾ? ಬಾಡಿಗೆ ಏರ್ಸಕೆ ಬಂದ್ಯಾ?"

"ಏರ್ಸ್ತೀನಿ ಅವ್ವ. ಮೊದ್ಲು ನಲ್ಲಿ, ಪೈಪು, ಹೆಂಚು ಸರಿ ಮಾಡ್ಸಿ, ಆಮೇಲೆ ಏರ್ಸ್ತೀನಿ. ನಿಂದು ಮಾತ್ರ ಇಲ್ಲ."

"ಯಾಕೆ, ನಾನೇನ್ ಬಿಕಾರಿನಾ? ಎಲ್ರುದೂ ಏರಿಸು, ನಂದೂ ಏರಿಸು!" ಎಂದು ಜಗಳಕ್ಕೇ ನಿಂತಳು ಮಂಚಮ್ಮ. ಆ ಜಗಳ ಇಂದಿಗೂ ಮುಗಿದಿಲ್ಲ. ಮೋಟಾರು ಹಾಕುವ ಹೊತ್ತಿಗೊಂದು, ನುಗ್ಗೆಕಾಯಿ ಕೀಳುವುದಕ್ಕೊಂದು, ಹೀಗೆ ನಡೆಯುತ್ತಲೇ ಇರುತ್ತದೆ. ಮಲ್ಲಾಜಮ್ಮ ಕೂಡ ಕೊನೆಯ ಮನೆ ಖಾಲಿಯಾದಾಗ ಸಂಸಾರ ಸಮೇತ ಅಲ್ಲಿಗೇ ಬಂದು ಸೇರಿಕೊಂಡಳು. ಚಿಕ್ಕಬಸಪ್ಪ ತಾನೇ ನಿಂತು ಚರಂಡಿಗೆ ಮುಚ್ಚಳ ಕೂರಿಸಿದ. ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಬೀದಿಗೆ ಬಂದಾಗ ಬಚ್ಚಲುಗಳು ಒಣಗಿಯೇ ಇದ್ದವು. ಮೊದಲ ವರ್ಷ ಕಷ್ಟವಾಗಲಿಲ್ಲ ಎಂದಲ್ಲ. ಎರಡು ಮನೆ ಮೂರು ತಿಂಗಳು ಬೀಗ ಹಾಕಿಕೊಂಡಿದ್ದವು, ಒಬ್ಬ ಬಾಡಿಗೆ ಕೊಡದೆ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ, ಮಲ್ಲಾಜಮ್ಮ ಕಂತು ಕಟ್ಟಲು ಶಾಲೆಯ ಸಮವಸ್ತ್ರಗಳ ರಾಶಿಯನ್ನೇ ಹೊಲಿದಳು. ಆದರೂ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸುವಾಗ, ಎಲ್ಲ ಬಾಗಿಲುಗಳೂ ಒಂದೊಂದಾಗಿ ತೆರೆಯುವ ಸದ್ದು ಕೇಳಿದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಹೋದ ಮಾಘದಲ್ಲಿ ಹೇಮಲತಾ ಫೋನ್ ಮಾಡಿದಳು. "ಅಕ್ಕಾ, ನರಸೀಪುರದಲ್ಲಿ ಒಂದು ನಾಲ್ಕು ಮನೆ ಸಾಲು ಮಾರಕ್ಕದೆ. ಗಲ್ಲಿ ಇಕ್ಕಟ್ಟು, ಕಾರು ಓಗಲ್ಲ ಅಂತ ಯಾರೂ ತಗೊಳ್ತಿಲ್ಲ. ಬೆಲೆ ಭಾಳ ಇಳಿಸವ್ರೆ. ನನ್ನ ಪಾಲಿನ ದುಡ್ಡು ಬ್ಯಾಂಕಲ್ಲಿ ಸುಮ್ನೆ ಕೂತದೆ. ಇಬ್ರೂ ಅರ್ಧರ್ಧ ಹಾಕವಾ?"

ಮಲ್ಲಾಜಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಗಲ್ಲಿಲಿ ತಳ್ಳುಗಾಡಿ ಓಯ್ತದಾ?"

"ಸೊಪ್ಪಿನ ಗಾಡಿ, ಹಾಲಿನ ಬೈಕು ಎಲ್ಲ ಓಯ್ತವೆ."

"ಹಂಗಿದ್ರೆ ಕಾರು ಯಾರಿಗೆ ಬೇಕು? ಅಲ್ಲೇ ಇರು, ಬಂದೆ!"

ಮಧ್ಯಾಹ್ನದೊಳಗೆ ಇಬ್ಬರೂ ಆ ಗಲ್ಲಿಯಲ್ಲಿದ್ದರು. ಎರಡನೆಯ ಮನೆಯ ಬಾಗಿಲಲ್ಲಿ ನಿಂತಿದ್ದ ಎಳೆಯ ಬಾಣಂತಿ ಕವನ ಎಂಬುವಳು ಮಗುವನ್ನು ತೋಳಲ್ಲಿ ತೂಗುತ್ತ ಇವರನ್ನು ಅನುಮಾನದಿಂದ ನೋಡುತ್ತಿದ್ದಳು. ಹೇಮಲತಾ ಗೋಡೆ ತಟ್ಟುತ್ತಿದ್ದಳು. ಮಲ್ಲಾಜಮ್ಮ ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿ, ಕವನಳ ಕಡೆ ತಿರುಗಿ ಕೇಳಿದಳು: "ಊಟ ಮಾಡಿದ್ಯಾ ಮಗಾ? ಮಗುನ ಇಲ್ಲಿ ಕೊಡು, ಮಾಡ್ಕೊಂಡು ಬಾ. ನಾವೇನೂ ಈಗಲೇ ಓಗಕಿಲ್ಲ."

ಕವನ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಮಗುವನ್ನು ಅವಳ ತೋಳಿಗೆ ದಾಟಿಸಿ ಒಳಗೆ ಹೋದಳು. ಮಗು ಅಳಲಿಲ್ಲ. ಮಲ್ಲಾಜಮ್ಮ ಅದನ್ನು ಭುಜಕ್ಕೆ ಹಾಕಿಕೊಂಡು, ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಮೊದಲು ಯಾವ ಮನೆಯ ಹೆಂಚು ತಿರುಗಿಸಬೇಕೆಂದು ಹೇಮಲತಾಳ ಜೊತೆ ಜೋರಾಗಿ ವಾದಕ್ಕಿಳಿದಳು.